ಬ್ರೆಕ್ಕೆ ಅಣ್ಣತಮ್ಮಂದಿರ ಫರ್ನೇಸ್

ಆರ್ಲಿನ್ ಬ್ರೆಕ್ಕೆಯ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಕೆಟ್ಟಿದೆ ಎಂದು ಅವನೇನೂ ನನಗೆ ಹೇಳಲಿಲ್ಲ. ಮಿನ್ನೆಸೋಟಾದ ನಮ್ಮ ನಾರ್ವೇಜಿಯನ್ ಜನ ಮೈಗೆ ಬೆಂಕಿ ಹತ್ತಿದರೂ ‘ಸ್ವಲ್ಪ ಸೆಕೆ’ ಅನ್ನುವವರು. ನಾನೂ ಅವರಲ್ಲೊಬ್ಬಳೇ, ಆದರೂ ಈ ಗುಣ ನೋಡಿದರೆ ನನಗೆ ರೇಗುತ್ತದೆ. ಜನವರಿಯ ಒಂದು ಬೆಳಗ್ಗೆ ಅವನ ಅಡುಗೆಮನೆ ಕಿಟಕಿಗೆ ಒಳಗಡೆಯಿಂದಲೇ ಹಿಮ ಕಟ್ಟಿರುವುದು ನಮ್ಮ ಮನೆಯಿಂದ ಕಂಡಿತು. ರಸ್ತೆ ದಾಟಿ ಹೋದೆ. ಆರ್ಲಿನ್ ಕೋಟು, ಕಿವಿಟೋಪಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದ.

“ಏನೋ ಇದು, ಹೆಪ್ಪುಗಟ್ಟಿದ ಕೆರೆ ಮೇಲೆ ಕೂತ ಹಾಗೆ ಮನೆಯೊಳಗೇ ಮೀನು ಹಿಡಿಯೋಕೆ ಕೂತಿದ್ದೀಯಾ?”

“ಪರವಾಗಿಲ್ಲ ಥೈರಾ. ಫರ್ನೇಸ್ ಸ್ವಲ್ಪ ಸುಸ್ತಾಗಿದೆ.”

“ಯಾವತ್ತಿಂದ?”

“ಭಾನುವಾರದಿಂದ ಇರ್ಬೇಕು. ಹತ್ಕೊಳ್ಳುತ್ತೆ, ಆರಿಹೋಗುತ್ತೆ. ಕಾಫಿ ಕುಡೀತೀಯಾ?”

ಹಾರ್ಡ್‌ವೇರ್ ಅಂಗಡಿಯ ವೇಡ್ ಟಾಲೆಫ್‌ಸನ್‌ಗೆ ನಾನೇ ಫೋನ್ ಮಾಡಿದೆ.

ಆ ಫರ್ನೇಸ್ ಬ್ರೆಕ್ಕೆಗಳ ಅಪ್ಪನ ಕಾಲದ್ದು. ನೆಲಮಾಳಿಗೆಯಲ್ಲಿ ಕೂತು, ತಗಡಿನ ಕೊಳವೆಗಳ ಮೂಲಕ ಕೋಣೆ ಕೋಣೆಗೂ ಬಿಸಿಗಾಳಿ ಊದುವಂಥದ್ದು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ: ಅಣ್ಣ ಸೆಲ್ಮರ್, ತಮ್ಮ ಆರ್ಲಿನ್. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೆಲ್ಮರ್ ಶಾಲೆಯಲ್ಲಿ ಜಾಡಮಾಲಿ, ನಾನು ಅಲ್ಲೇ ಅಡುಗೆಯವಳು. ಆರ್ಲಿನ್ ಧಾನ್ಯದ ಗೋದಾಮಿನಲ್ಲಿ ದುಡಿದ. ಅಲ್ಲಿ ಒಂದು ಚಳಿಗಾಲ ಕೈಗವಸು ಒದ್ದೆಯಾಗಿ ಎಡಗೈ ಬೆರಳುಗಳು ಮರಗಟ್ಟಿದವು. ಅವುಗಳಿಗೆ ಮತ್ತೆ ಸ್ಪರ್ಶ ಬರಲಿಲ್ಲ. ಅಂದಿನಿಂದ ಅವನಿಗೆ ಎಷ್ಟು ಬೆಚ್ಚಗಿದ್ದರೂ ಸಾಲದು.

ಅಣ್ಣತಮ್ಮಂದಿರ ಜಗಳವೆಲ್ಲ ಆ ಫರ್ನೇಸ್‌ದೇ. ಇದನ್ನು ಕಿತ್ತೆಸೆದು ಹೊಸದು ತರೋಣ ಎಂದು ಆರ್ಲಿನ್. ರಿಪೇರಿ ಮಾಡಿದರೆ ಇನ್ನೂ ಓಡುತ್ತದೆ ಎಂದು ಸೆಲ್ಮರ್. ತಂತಿ, ಪಟ್ಟಿ, ಡಬ್ಬದ ತಗಡು, ಏನು ಸಿಕ್ಕಿದರೂ ಅದಕ್ಕೆ ಬಿಗಿದು ಓಡಿಸುತ್ತಿದ್ದ. ಬಿಸಿ ಹೆಚ್ಚುಕಡಿಮೆ ಮಾಡುವ ಗೋಡೆಯ ಥರ್ಮೋಸ್ಟಾಟನ್ನು ಆರ್ಲಿನ್ ಹೋಗುವಾಗ ಏರಿಸುವನು, ಸೆಲ್ಮರ್ ಬರುವಾಗ ಇಳಿಸುವನು. ಮಾತಿಲ್ಲ ಕತೆಯಿಲ್ಲ. “ನಮ್ಮ ರಾಜಕುಮಾರನಿಗೆ ಮನೆ ಹವಾಯಿ ದ್ವೀಪ ಆಗ್ಬೇಕಂತೆ,” ಎಂದು ಸೆಲ್ಮರ್ ಶಾಲೆಯ ಅಡುಗೆಮನೆಗೆ ಬಂದು ಗೊಣಗುತ್ತಿದ್ದ. ಚರ್ಚಿನ ಹರಾಜಿನಲ್ಲಿ ನಾವು ಹೆಂಗಸರು ಹೊಲಿದ ಕೌದಿಗಳನ್ನು ಮಾತ್ರ ಪ್ರತಿ ವರ್ಷ ಅವನೇ ಕೂಗಿ ಕೊಳ್ಳುತ್ತಿದ್ದ. “ಯಾವ ಮದುಮಗಳಿಗೋ ಇವೆಲ್ಲ?” ಎಂದು ನಾವು ಕಾಡಿಸಿದರೆ ಕಿವಿ ಕೆಂಪಗೆ ಮಾಡಿಕೊಳ್ಳುವನು.

ಹೋದ ಅಕ್ಟೋಬರಿನಲ್ಲಿ ಅಂಗಳದ ಎಲೆ ಗುಡಿಸುತ್ತಿದ್ದ ಸೆಲ್ಮರ್ ಅಲ್ಲೇ ಕುಸಿದು ಹೋಗಿಬಿಟ್ಟ. ಮಣ್ಣು ಮಾಡಿದ ಮೇಲೆ ಚರ್ಚಿನಲ್ಲಿ ಆರ್ಲಿನ್ ಎಲ್ಲರ ಕೈಕುಲುಕಿದ, ಬಡಿಸಿದ್ದು ತಿಂದ, ಆಮೇಲೆ ನಮ್ಮ ಜೊತೆ ನಿಂತು ಕಪ್ಪು ತೊಳೆದ. ಹೇಗಿದ್ದೀಯ ಎಂದು ಕೇಳಿದೆ. “ಏನೂ ಅನ್ನಿಸ್ತಾ ಇಲ್ಲ ಥೈರಾ. ಈ ಬೆರಳುಗಳ ಹಾಗೆ,” ಅಂದ. ಮೊದಲು ಅಣ್ಣನ ಕೋಣೆ ಮುಚ್ಚಿದ. ಆಮೇಲೆ ಹಜಾರ, ಆಮೇಲೆ ತನ್ನದೇ ಮಲಗುವ ಕೋಣೆ. ಅಡುಗೆಮನೆಯ ಬೆಂಚಿನ ಮೇಲೆ ಮಲಗತೊಡಗಿದ.

ವೇಡ್ ಟಾರ್ಚು ಹಿಡಿದು ಫರ್ನೇಸಿನ ಒಳಗೆಲ್ಲ ತಡಕಾಡಿದ. “ಒಳಗಿನ ತಗಡು ಸೀಳಿ ಹೊಗೆ ಮನೆಗೆ ನುಗ್ಗಿಲ್ಲ, ನಿಮ್ಮ ಪುಣ್ಯ. ವಿಪರೀತ ಕಾದು ತಾನೇ ಆರಿಕೊಳ್ತಾ ಇತ್ತು. ಕೊನೆಗೆ ಅದನ್ನ ಆರಿಸೋ ಸ್ವಿಚ್ಚೇ ಹೋಗಿದೆ. ಮೇಲೆ ಬಿಸಿಗಾಳಿ ಬರೋ ನೆಲದ ಜಾಲರಿಗಳನ್ನೆಲ್ಲ ಮುಚ್ಚಿದ್ದೀರಾ?”

“ಖಾಲಿ ಕೋಣೆಗೆ ಬಿಸಿ ಯಾಕೆ ಅಂತ.”

“ಈ ಊರಲ್ಲಿ ಎಲ್ಲರೂ ಇದನ್ನೇ ಮಾಡ್ತೀರಪ್ಪ. ಗಾಳಿ ಹೋಗೋಕೆ ದಾರಿ ಬಿಡದಿದ್ರೆ ಅದು ಒಳಗೇ ಬೇಯುತ್ತೆ. ಈಗ ಹೇಳಿ. ಸ್ವಿಚ್ ಹಾಕಿ ಗಾಳಿ ಊದೋ ಫ್ಯಾನ್ ಸರಿ ಮಾಡಿದ್ರೆ ಇನ್ನೂ ಸ್ವಲ್ಪ ಕಾಲ ಓಡುತ್ತೆ. ಇಲ್ಲಾಂದ್ರೆ ಹೊಸದು ತಂದು ಕೂರಿಸ್ತೀನಿ. ನೀವು ಯಾವಾಗ್ಲೂ ಹೊಸದೇ ಬೇಕು ಅಂತಿದ್ರಲ್ಲ?”

ಆರ್ಲಿನ್ ಫರ್ನೇಸನ್ನು ನೋಡುತ್ತಾ ನಿಂತ. ಬದುಕಿಡೀ ವಾದಿಸಿದ ಜಗಳವನ್ನು ಈಗ ಗೆಲ್ಲಬಹುದಿತ್ತು. ಸೋಲುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

“ಯಾವುದಾದ್ರೂ ಮಾಡು,” ಅಂದ. “ಮಾಡದಿದ್ರೂ ನಡೆಯುತ್ತೆ.”

“ಏನು ನಡೆಯುತ್ತೆ? ನಿನ್ನ ಹೆಣ ಹೊರೋದಾ?” ಎಂದು ಕೂಗಿಬಿಟ್ಟೆ. ನನಗೆ ಹೆದರಿಕೆಯಾಗಿತ್ತು. ಎಂಜಲು ಉಗುಳಿದರೆ ಹೆಪ್ಪುಗಟ್ಟುವ ಚಳಿಯಲ್ಲಿ ‘ಯಾವುದಾದ್ರೂ’ ಅನ್ನುವ ಮನುಷ್ಯ ವಸಂತ ಕಾಣುವುದಿಲ್ಲ.

ವೇಡ್ ನಮ್ಮಿಬ್ಬರ ನಡುವೆ ನಿಲ್ಲಲಾರದೆ ಕೊಳವೆಗಳನ್ನು ಒಂದೊಂದಾಗಿ ತಟ್ಟಿಕೊಂಡು ಹೋದ. ಮೂಲೆಯ ಕೊಳವೆಯ ಹತ್ತಿರ ನಿಂತು ಟಾರ್ಚಿನ ಬೆಳಕು ಬಿಟ್ಟ. “ಇದು ಯಾವ ಕೋಣೆಗೆ ಹೋಗುತ್ತೆ?”

“ಸೆಲ್ಮರನದು. ಅವನು ಹೋದ ಮೇಲೆ ಅದರ ಜಾಲರಿ ಮುಚ್ಚಿದೆ.”

“ಅದನ್ನ ನೀವು ಮುಚ್ಚಿದ್ರಿಂದ ಏನೂ ಆಗಿಲ್ಲ. ಈ ಕೊಳವೆಯೊಳಗಿನ ಮುಚ್ಚಳಾನೇ ಹಾಕಿದೆ, ಮೇಲೆ ತಂತಿ ಸುತ್ತಿ ಬಿಗಿದಿದ್ದಾರೆ. ತುಕ್ಕು ನೋಡಿ, ಎಷ್ಟೋ ವರ್ಷದ್ದು. ಆ ಕೋಣೆಗೆ ಬಿಸಿ ಹೋಗ್ತಾನೇ ಇರಲಿಲ್ಲ.”

“ಮತ್ತೆ ಎಲ್ಲಿಗೆ ಹೋಗ್ತಿತ್ತು?”

ವೇಡ್ ಟಾರ್ಚಿನ ಬೆಳಕನ್ನು ಮುಂದಕ್ಕೆ ಓಡಿಸಿದ. “ಮುಂದಿನ ಕೋಣೆಗೆ. ಅದು ಯಾರದು?”

ಆರ್ಲಿನ್ ಹತ್ತಿರ ಬಂದು ತಂತಿಯ ಮೇಲೆ ಕೈಯಿಟ್ಟ. ಅದು ಅವನದೇ ಕೋಣೆ ಎಂದು ನನಗೆ ಗೊತ್ತಿತ್ತು. ತಂತಿಯ ಗಂಟೂ ಗೊತ್ತಿತ್ತು: ಶಾಲೆಯ ಬೇಲಿಗೆಲ್ಲ ಸೆಲ್ಮರ್ ಹಾಕುತ್ತಿದ್ದ, ತುದಿಯನ್ನು ಒಳಕ್ಕೆ ಮಡಚಿದ ಗಂಟು. ಆ ಕೌದಿಗಳು ಯಾವ ಮದುಮಗಳಿಗೆಂದು ಆಗ ತಿಳಿಯಿತು: ಬಿಸಿಯಿಲ್ಲದ ಕೋಣೆಯಲ್ಲಿ ಮಲಗುತ್ತಿದ್ದವನಿಗೇ. ಕಾಡಿಸಿದ ನಮ್ಮ ಬಾಯಿಗಿಷ್ಟು ಮಣ್ಣು ಬೀಳಲಿ.

“ರಿಪೇರಿ ಮಾಡು,” ಅಂದ ಆರ್ಲಿನ್. “ಇದು ಓಡೋವಷ್ಟು ದಿನ ಓಡಲಿ.”

“ಈ ತಂತಿ ಕತ್ತರಿಸಲಾ?”

“ಬೇಡ. ನಾನು ಬಿಚ್ತೀನಿ.”

ಸ್ಪರ್ಶವಿಲ್ಲದ ಬೆರಳುಗಳಿಗೆ ತಂತಿಯ ತುದಿ ಸಿಗಲೊಲ್ಲದು. ಇಕ್ಕಳ ಕೊಡಲು ಹೋದೆ, ತಲೆಯಾಡಿಸಿದ. ವೇಡ್ ಸ್ವಿಚ್ಚು ಬದಲಿಸಿ, ಫ್ಯಾನಿನ ಕೆಲಸ ಮುಗಿಸಿ, ಮೇಲಿನ ಜಾಲರಿಗಳನ್ನೆಲ್ಲ ತೆರೆದು ಬಂದರೂ ಇವನಿನ್ನೂ ಅದೇ ಗಂಟಿನ ಜೊತೆ ಗುದ್ದಾಡುತ್ತಿದ್ದ. ಕೊನೆಗೆ ಬಿಚ್ಚಿತು. ಮುಚ್ಚಳ ತಿರುಗಿಸಿದ. ಫರ್ನೇಸ್ ಹತ್ತಿಕೊಂಡು ಕೊಳವೆ ಟಕಟಕ ಎಂದಿತು.

ನಾನು ಕಾಫಿ ಮಾಡಿಕೊಂಡು ಮೇಲೆ ಹೋದಾಗ ಅವನು ಸೆಲ್ಮರನ ಕೋಣೆಯ ನೆಲದ ಮೇಲೆ ಕೂತು, ಎರಡೂ ಕೈಗಳನ್ನು ಜಾಲರಿಯ ಮೇಲೆ ಹಿಡಿದಿದ್ದ. ಹಾಸಿಗೆಯ ಮೇಲೆ ಚರ್ಚಿನ ಕೌದಿಗಳು ಒಂದರ ಮೇಲೊಂದು ಹಾಸಿದಂತೆಯೇ ಇದ್ದವು.

“ಬಿಸಿ ಬರ್ತಿದೆಯಾ?”

“ಬರ್ತಿದೆ.”

ಕಪ್ಪನ್ನು ಅವನ ಪಕ್ಕ ಇಟ್ಟೆ.

“ನಂಗೆ ಇಷ್ಟೊಂದು ಬಿಸಿ ಬೇಕಾಗಿರಲಿಲ್ಲ ಥೈರಾ,” ಅಂದ. “ಅವನು ಕೇಳಿದ್ದಿದ್ರೆ ಹೇಳ್ತಿದ್ದೆ. ಅರ್ಧ ಸಾಕಿತ್ತು.”

ಆಮೇಲೆ ಎದ್ದು ಕೋಟು ಕಳಚಿದ. ಅದನ್ನು ಮಡಚಿ ಅಣ್ಣನ ಕೌದಿಗಳ ಮೇಲೆ ಇಟ್ಟ.