ಗುಡೇಕೋಟೆಯ ನಲವತ್ತು ಚೀಲ ಉಪ್ಪು

ಪಾಲಾಕ್ಷಪ್ಪ ಸಮುದ್ರ ಕಂಡವನಲ್ಲ. ಇಟ್ಟಿಗಿ ಎಂಬ ಊರಿನ ಬೇಸಾಯದ ಮನೆಯಲ್ಲಿ ಹುಟ್ಟಿ, ಆ ಮನೆಗೆ ಮೊದಲ ಬಿ.ಎ. ಆದವನು. ೧೯೭೯ರಲ್ಲಿ ಕೂಡ್ಲಿಗಿಯಲ್ಲಿ ಆರು ತಿಂಗಳ ಹಂಗಾಮಿ ಗಣತಿದಾರನಾಗಿ ಸೇರಿದಾಗ ಅವನ ಪಾಲಿಗೆ ಬಂದದ್ದು ಸಮುದ್ರದ್ದೇ ಲೆಕ್ಕ. ದೇಶದ ಸಂಪತ್ತಿನಲ್ಲಿ ಕಡಲಿನ ಪಾಲೆಷ್ಟು ಎಂದು ಅಳೆಯಬೇಕಿತ್ತಂತೆ. ಬಂದರು, ಹಡಗು, ಮೀನುಗಳನ್ನು ಕರಾವಳಿಯವರು ನೋಡಿಕೊಳ್ಳುತ್ತಾರೆ. ಕಡಲಿನಿಂದ ಬಂದದ್ದನ್ನು ಒಳನಾಡಿನ ಊರುಗಳು ಎಷ್ಟು ಬಳಸುತ್ತವೆ ಎಂಬುದನ್ನು ಕೂಡ್ಲಿಗಿ ಕಚೇರಿಯವರು ಬರೆದು ಕಳಿಸಬೇಕು. ಅವನಿಗೆ ಹಂಚಿದ ಗುಡೇಕೋಟೆ ಕಡೆ ಲೆಕ್ಕಕ್ಕೆ ಸಿಗುವಂಥದ್ದು ಒಂದೇ: ಉಪ್ಪು.

“ಬಿ.ಎ. ಓದಿ ಮಂದಿ ಮನಿ ಉಪ್ಪಿನ ಗಡಿಗಿ ಇಣುಕಾಕ ಹೊಂಟ್ಯೇನಪಾ?” ಎಂದು ತಾಯಿ ಬಸಲಿಂಗಮ್ಮ ನಕ್ಕಿದ್ದಳು.

ಅವನು ನಿಜವಾಗಿಯೂ ಇಣುಕಿದ. ಗುಡೇಕೋಟೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, “ತಿಂಗಳಿಗೆ ಅಡಿಗಿಗೆ ಎಷ್ಟು ಉಪ್ಪು ಬೇಕವ್ವ?” ಎಂದು ಕೇಳಿ ಬರೆದುಕೊಂಡ. ಎಲ್ಲ ಕೂಡಿಸಿದರೆ ಹನ್ನೆರಡು ಚೀಲ. ಆ ಊರುಗಳಿಗೆಲ್ಲ ಉಪ್ಪು ಮಾರುವ ಕೊಟ್ರಬಸಪ್ಪನ ಅಂಗಡಿಯಲ್ಲಿ ತಿಂಗಳಿಗೆ ಖರ್ಚಾಗುತ್ತಿದ್ದದ್ದು ನಲವತ್ತು.

ಮೇಲಧಿಕಾರಿ ಯರ್ರಿಸ್ವಾಮಿಯವರು ಎರಡು ಅಂಕಿಗಳ ನಡುವೆ ಪೆನ್ನು ಊರಿ ಕೂತರು.

“ಇಪ್ಪತ್ತೆಂಟು ಚೀಲ ಎಲ್ಲಿ ಕರಗಿದ್ವು? ಮಳಿನಾರ ಬಂದೈತೇನು? ಮನಿಗಿಷ್ಟು ಅಂತ ಏರಿಸಿ ಸರಿ ಮಾಡು. ಸೋಮವಾರ ಕಾಗದ ಹೋಗಬೇಕು. ಹೊಂದಾಣಿಕಿ ಆಗದಿದ್ರ ನಿನ್ನ ಮುಂದಿನ ಆರು ತಿಂಗಳಿಗೆ ನಾ ಶಿಫಾರಸು ಬರಿಯಂಗಿಲ್ಲ, ನೋಡು.”

ಪೆನ್ಸಿಲಿನಲ್ಲಿ ಅರ್ಧ ಗಂಟೆಯ ಕೆಲಸ. ಆದರೆ ಅಷ್ಟು ಉಪ್ಪು ಹೋಗುವುದಾದರೂ ಎಲ್ಲಿಗೆ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ, ಬುಧವಾರ, ಮೊದಲ ಬಸ್ಸಿಗೆ ಗುಡೇಕೋಟೆಗೆ ಹೊರಟ.

“ಮನುಷ್ಯಾರಷ್ಟ ಉಪ್ಪು ತಿಂತಾರೇನ್ರಿ?” ಎಂದ ಕೊಟ್ರಬಸಪ್ಪ, ಗುಡ್ಡದ ಕಡೆ ಕೈ ತೋರಿಸುತ್ತ. “ಕುರಿಹಟ್ಟಿಗೆ ಹೋಗಿ ನೋಡ್ರಿ.”

ಪಾಲಾಕ್ಷಪ್ಪನಿಗೆ ನಾಚಿಕೆಯಾಯಿತು. ಅವನು ಕೇಳಿದ್ದು ಅಡಿಗೆಯದು, ಹೆಂಗಸರು ಹೇಳಿದ್ದೂ ಅಡಿಗೆಯದನ್ನೇ.

ಗುಡ್ಡದ ಬುಡದಲ್ಲಿ ಮೈಲಮ್ಮ ಎಂಬ ಹೆಂಗಸು ಚಪ್ಪಟೆ ಬಂಡೆಯ ಮೇಲೆ ಬೊಗಸೆ ಬೊಗಸೆಯಾಗಿ ಉಪ್ಪು ಹರವುತ್ತಿದ್ದಳು. ಕುರಿಗಳು ಒಂದರ ಮೇಲೊಂದು ಬಿದ್ದು ಗರಗರ ಸದ್ದು ಮಾಡುತ್ತ ನೆಕ್ಕುತ್ತಿದ್ದವು. ಎಷ್ಟು ತಲೆಮಾರಿನ ಕುರಿಗಳು ನೆಕ್ಕಿದ ಬಂಡೆಯೋ, ಅಲ್ಲಲ್ಲಿ ತಟ್ಟೆಯಂತೆ ಕುಳಿಬಿದ್ದು ಹೊಳೆಯುತ್ತಿತ್ತು. ಪಾಲಾಕ್ಷಪ್ಪ ಬಗ್ಗಿ ಬೆರಳಾಡಿಸಿದ.

“ನೀನೂ ನಾಲಿಗಿ ಹಚ್ಚತೀಯೇನಪ್ಪ?” ಎಂದಳು ಮೈಲಮ್ಮ.

“ಇಲ್ಲವ್ವ. ಕುರಿ ಎಷ್ಟು ಅದಾವು?”

ಅವಳ ಮುಖ ಬಿಗಿಯಿತು. “ಕುರಿ ಎಣಿಸಬಾರ್ದು. ಹಿಂಡಿಗೆ ದೃಷ್ಟಿ ಆಗ್ತೈತಿ. ನಿಮ್ಮವ್ವನ ತಲಿಕೂದಲ ಎಣಿಸೀಯೇನು ನೀನು?”

ಪುಸ್ತಕ ಮುಚ್ಚಬೇಕೆನ್ನುವಷ್ಟರಲ್ಲಿ ಅವನಿಗೊಂದು ಹೊಳೆಯಿತು. “ಉಪ್ಪು ಎಣಿಸಬಹುದೇನವ್ವ?”

“ಉಪ್ಪಿಗೆ ಯಾರ ದೃಷ್ಟಿ ಆಗ್ತೈತೋ ಹುಚ್ಚಪ್ಪ! ಬರ್ಕೋ. ವಾರಕ್ಕೊಮ್ಮಿ ಹತ್ತು ಸೇರು.”

ಭಾನುವಾರದವರೆಗೆ ಅವನು ಹಟ್ಟಿಯಿಂದ ಹಟ್ಟಿಗೆ ನಡೆದ. ಎಲ್ಲಿಯೂ ಕುರಿಯ ಸಂಖ್ಯೆ ಕೇಳಲಿಲ್ಲ. ಉಪ್ಪಿನ ಸೇರು ಕೇಳಿದ. ಒಬ್ಬರೂ ಹೇಳುವುದಿಲ್ಲ ಎನ್ನಲಿಲ್ಲ. ತಿಂಗಳ ಲೆಕ್ಕಕ್ಕೆ ಕೂಡಿಸಿದಾಗ ಇಪ್ಪತ್ತಾರೂವರೆ ಚೀಲ ಬಂತು.

ಸೋಮವಾರ ಯರ್ರಿಸ್ವಾಮಿಯವರು ಕಾಗದ ತಿರುವಿ ಹಾಕಿದರು.

“ಕುರಿ ಎಷ್ಟು ಅಂತ ಎಲ್ಲೈತಿ?”

“ಅದನ್ನ ಕೇಳಬಾರದಂತ್ರಿ ಸರ. ಉಪ್ಪು ಹೇಳಿದ್ರು.”

“ಹಂಗಾರ ಇನ್ನೂ ಒಂದೂವರಿ ಚೀಲ ಉಳೀತಲ್ಲ?”

“ಅದು ಗೊತ್ತಾಗಲಿಲ್ರಿ.”

“ಅದನ್ನೂ ಕುರಿ ಬಾಯಿಗೆ ಹಾಕಿಬಿಡು. ಅವೇನು ತಕರಾರು ತೆಗಿತಾವೇನು?”

“ತಿಂದಿಲ್ಲಲ್ರಿ ಸರ, ಅವು.”

ಯರ್ರಿಸ್ವಾಮಿಯವರು ಅಚ್ಚಾದ ನಮೂನೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅದರಲ್ಲಿ ಗೊತ್ತಿಲ್ಲದ್ದಕ್ಕೆ ಜಾಗವಿರಲಿಲ್ಲ. ಕೊನೆಗೆ ತಾವೇ ಕೆಳಗೊಂದು ಗೆರೆ ಎಳೆದು, ‘ಒಂದೂವರೆ ಚೀಲ, ಗೊತ್ತಾಗಿಲ್ಲ’ ಎಂದು ಬರೆದು ಸಹಿ ಹಾಕಿದರು. ಆಮೇಲೆ ಶಿಫಾರಸಿನ ಹಾಳೆ ಎಳೆದುಕೊಂಡರು.

“ಮುಂದಿನ ಆರು ತಿಂಗಳಾಗ ಅದನ್ನ ಹುಡುಕು ಹೋಗು,” ಎಂದರು.