ನಾಲ್ಕು ತಾಲೂಕಿಗೆ ಒಂದು ಬಾಯಿ

ಇಂದುಮತಿ ಅಕ್ಕೋರು ಒಂದು ಕಪ್ ಚಹಾ ಪೂರ್ತಿ ಕುಡಿದದ್ದನ್ನು ನಾನು ನೋಡಿಲ್ಲ. ಇಂಗಳೇಶ್ವರದಲ್ಲಿ ಬಸ್ ನಿಲ್ಲುವ ಕಡೆಯೇ ನನ್ನ ಪಂಕ್ಚರ್ ಅಂಗಡಿ. ಬಸ್ಸಿನಿಂದ ಇಳಿದವರು ಪಕ್ಕದ ಹೋಟೆಲಿನ ಚಹಾ ನಿಂತುಕೊಂಡೇ ಅರ್ಧ ಕುಡಿದು, ಕಪ್ಪನ್ನು ನನ್ನ ಹಳೇ ಟೈರುಗಳ ಮೇಲಿಟ್ಟು ಶಾಲೆಯ ಕಡೆ ಹೊರಟುಬಿಡುತ್ತಿದ್ದರು.

"ಚಹಾ ಉಳೀತ್ರಿ ಅಕ್ಕೋರ!"

"ಇರ್ಲಿ ಬಿಡೋ ಪಂಕ್ಚರಾ, ನನಗ ಬಸ್ ಐತಿ!"

ಇಳಿದ ಬಸ್ಸು ಇನ್ನೂ ಕಣ್ಣಿಗೆ ಕಾಣುತ್ತಿರುತ್ತಿತ್ತು, ಆಗಲೇ ವಾಪಸ್ ಬಸ್ಸಿನ ಚಿಂತೆ. ನಿಂತರೂ ಒಂದು ಕಾಲು ನಡೆಯುತ್ತಲೇ ಇರುತ್ತಿತ್ತು. ದಪ್ಪ ಹೆಂಗಸು, ಆದರೆ ನಡೆದರೆ ನಾನೂ ಹಿಂದೆ ಓಡಬೇಕು. ಅವರ ಚಪ್ಪಲಿಯ ಉಂಗುಟ ಬಂದಾಗಲೆಲ್ಲ ಕಿತ್ತಿರುತ್ತಿತ್ತು. ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ನಾನೇ ಕೂಡಿಸಿ ಕೊಡುತ್ತಿದ್ದೆ. ಅದನ್ನು ಕೂಡಿಸುವಷ್ಟು ಹೊತ್ತೂ ಒಂದು ಬರಿಗಾಲಲ್ಲಿ ಅಂಗಡಿ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದರು.

ಅವರ ಕೆಲಸ ಮಕ್ಕಳಿಗೆ ಮಾತು ಕಲಿಸುವುದು. ಕಿವಿ ಮಂದ ಇದ್ದವರು, ತುಟಿ ಸೀಳಿದವರು, ತೊದಲುವವರು, ಶಾಲೆಯಲ್ಲಿ ಅಂಥವರು ಯಾರಿದ್ದರೂ ಅವರ ಪಾಲು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಷ್ಟಕ್ಕೂ ಇದ್ದದ್ದು ಅವರೊಬ್ಬರೇ. ಮನೆ ಇಂಡಿಯಲ್ಲಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಮರಾಠಿಯಲ್ಲಿ ದೊಡ್ಡ ಹೆಂಗಸರಿಗೆ ಬಾಯಿ ಅನ್ನುತ್ತಾರೆ. ಅದನ್ನು ಹಿಡಿದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು: "ನಾಲ್ಕ ತಾಲೂಕಿಗೆ ನಾ ಒಬ್ಬಾಕಿನ ಬಾಯಿ ನೋಡಪಾ. ಮರಾಠಿ ಬಾಯೀನೂ ನಾನ, ಕನ್ನಡ ಬಾಯೀನೂ ನಾನ."

ನಮ್ಮೂರಿಗೆ ಅವರು ಬರುತ್ತಿದ್ದದ್ದು ನನ್ನ ತಂಗಿ ಗೌರಿಗಾಗಿ.

ಗೌರಿಗೆ ಕುಕ್ಕರಿನ ಸೀಟಿ ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು, ಹೆಸರು ಹಿಡಿದು ಕರೆದರೆ ಕೇಳುತ್ತಿರಲಿಲ್ಲ. ಮಾತಿಲ್ಲ. ಎಲ್ಲ ಕೈಯಲ್ಲೇ. ನೀರು ಬೇಕಾದರೆ ಹೆಬ್ಬೆರಳು, ನನ್ನ ಮೇಲೆ ಚಾಡಿ ಹೇಳಬೇಕಾದರೆ ಗಾಲಿ ತಿರುಗಿಸಿದಂತೆ ಮಾಡಿ ಮೂಗು ಮುರಿಯುವುದು. ಅವ್ವನಿಗೆ ಅದರಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಶಾಲೆಯಲ್ಲಿ ಮಾತ್ರ ಗೋಡೆ ಪಕ್ಕ ಕೂಡಿಸಿ ಬಿಟ್ಟಿದ್ದರು. ಹೆಡ್ ಮಾಸ್ತರು ಅವ್ವನನ್ನು ಕರೆಸಿ ಹೇಳಿದ್ದರು:

"ನೋಡಬೇ, ಇಲ್ಲಿ ಕುಂತು ಈಕಿಗೆ ಏನೂ ತಿಳಿಯೂದಿಲ್ಲ. ಬಿಜಾಪುರದಾಗ ಇಂಥಾ ಹುಡುಗೂರ ಹಾಸ್ಟೆಲ್ ಐತಿ. ಅಲ್ಲಿ ಹಾಕಿಬಿಡು. ಇಲ್ಲಿ ಹೆಸರು ತಗೀತೀನಿ."

"ಮಾತು ಬರಲಾರದ ಕೂಸ್ರಿ. ಹೊಟ್ಟಿ ನೊಂದ್ರ ಅಲ್ಲಿ ಯಾರಿಗೆ ಹೇಳ್ತೈತಿ?" ಅಂದಳು ಅವ್ವ.

"ಮತ್ತ ಮಾತು ಬರ್ಲಿ. ಬಂದ್ರ ಇರ್ಲಿ ಇಲ್ಲೇ. ನಾ ಏನ್ ಬ್ಯಾಡ ಅಂತೀನೇನು?"

ಹೀಗೆ ತಂಗಿ ಮನೆಯಲ್ಲಿ ಉಳಿಯುವುದು ಮಾತಿನ ಮೇಲೆ ನಿಂತಿತ್ತು. ಅಕ್ಕೋರು ಬಂದದ್ದು ಅದೇ ವರ್ಷ.

ಅವರಿಗೆ ಶಾಲೆಯವರು ಕೊಟ್ಟ ಕೋಣೆ ಬಿಸಿಯೂಟದ ಸಾಮಾನು ಇಡುವ ಕೋಣೆ. ಅಕ್ಕಿ ಚೀಲದ ಮೇಲೆ ಕನ್ನಡಿ ಒರಗಿಸಿ, ಬೇಳೆ ಡಬ್ಬಿಯ ಮೇಲೆ ಗೌರಿಯನ್ನು ಕೂಡಿಸಿ, ಉಳ್ಳಾಗಡ್ಡಿ ಚೀಲದ ಮೇಲೆ ತಾವು ಕೂಡುತ್ತಿದ್ದರು. ಅಡುಗೆಯಾಕೆ ನಡುನಡುವೆ ಬಂದು, "ಏಳ್ರಿ ಅಕ್ಕೋರ, ನೀವು ಕುಂತಿದ್ದ ಬೇಕಾಗೇತಿ," ಅನ್ನುತ್ತಿದ್ದಳು. ಏಳುತ್ತಿದ್ದರು. ಒಂದು ದಿನವೂ ಬೇರೆ ಕೋಣೆ ಕೇಳಲಿಲ್ಲ. ಯಾಕೆ ಕೇಳುವುದಿಲ್ಲ ಎಂದು ನಾನು ಸಿಟ್ಟು ಮಾಡಿದರೆ, "ಮುದ್ದೇಬಿಹಾಳ ಕಡೆ ಒಂದ ಊರಾಗ ನನಗ ಕೋಣಿ ಇಲ್ಲ, ಬೇವಿನ ಗಿಡ ಕೊಟ್ಟಾರ. ಇಲ್ಲೆ ಬಾಗಲಾ ಐತಲ್ಲೋ," ಅಂದರು.

ಗೌರಿಗೆ ಅವರು ಮೊದಲು ಕಲಿಸಿದ್ದು ಅ ಆ ಅಲ್ಲ. ಅವಳ ಅಂಗೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು ಮ್‌ಮ್‌ಮ್ ಅನ್ನುತ್ತಿದ್ದರು. "ಇಲ್ಲಿ ಗುಂಗೀಹುಳ ಐತಿ. ಹಿಡಿ. ಈಗ ನಿನ್ನ ಗಂಟಲಾಗ ಹುಡುಕು." ಗೌರಿ ತನ್ನ ಕುತ್ತಿಗೆ ಮುಟ್ಟಿಕೊಂಡು ಕಣ್ಣರಳಿಸುತ್ತಿದ್ದಳು. ಮನೆಗೆ ಬಂದು ನನ್ನ ಗಂಟಲು ಹಿಡಿಯುತ್ತಿದ್ದಳು, ಬೆಕ್ಕಿನದು ಹಿಡಿಯುತ್ತಿದ್ದಳು, ಅಂಗಡಿಯಲ್ಲಿ ಗಾಳಿ ಹಾಕುವ ಮಷಿನ್ನನ್ನೂ ಮುಟ್ಟಿ ನೋಡುತ್ತಿದ್ದಳು.

ಏನಾದರೂ ಬೇಕೆಂದು ಕೈ ಎತ್ತಿದರೆ ಅಕ್ಕೋರು ಆ ಕೈ ಹಿಡಿದು ಮಡಿಲಲ್ಲಿ ಇಡುತ್ತಿದ್ದರು.

"ಕೈ ಬ್ಯಾಡ. ಬಾಯಿ."

ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದರೋ. ಗೌರಿ ಅಳುತ್ತಿದ್ದಳು. ಅವ್ವನಿಗೆ ಇದು ಸೇರುತ್ತಿರಲಿಲ್ಲ. "ನೀರು ಕೇಳಿದ್ರ ನೀರು ಕೊಡಬೇಕ್ರಿ. ಇದ್ಯಾವ ಸಾಲಿ?" ಎಂದು ಜಗಳಕ್ಕೇ ಹೋಗಿದ್ದಳು. ಅಕ್ಕೋರು ಅವಳ ಕೈಯನ್ನೂ ಹಿಡಿದು, "ನೀವು ಇರೂತನಕ ಈಕಿ ಕೈ ನೀವು ಓದ್ತೀರಿ. ಆಮ್ಯಾಲೆ ಯಾರು ಓದ್ತಾರವ್ವಾ?" ಅಂದರು. ಅವ್ವ ತಿರುಗಿ ಬಂದಳು.

ಕೋಣೆಯಲ್ಲಿ ಇದ್ದದ್ದೇ ಪಾಠ. ಉಳ್ಳಾಗಡ್ಡಿ ಕೈಯಲ್ಲಿ ಕೊಟ್ಟು ಆ ಮಾತನ್ನೇ ಕಲಿಸತೊಡಗಿದರು. ನಾಲಿಗೆ ಮೇಲಕ್ಕೆ ಮಡಚಬೇಕು, ಅಂಟಬೇಕು, ಬಿಡಬೇಕು. ಕನ್ನಡಿಯಲ್ಲಿ ಇಬ್ಬರೂ ನಾಲಿಗೆ ನೋಡಿಕೊಳ್ಳುವುದು. ಒಮ್ಮೆ ಅಕ್ಕೋರು ಉಳ್ಳಾಗಡ್ಡಿ ಸುಲಿದು ಮೂಸಲು ಕೊಟ್ಟು ಇಬ್ಬರ ಕಣ್ಣಲ್ಲೂ ನೀರು ಇಳಿದಿತ್ತು. ಅಡುಗೆಯಾಕೆ ನೋಡಿ ಓಡಿ ಬಂದು ನನ್ನ ಅಂಗಡಿ ಮುಂದೆ ಕೂಗಿದಳು: "ಲಗೂ ಬಾರೋ! ಅಕ್ಕೋರು ನಿನ್ನ ತಂಗೀನ ಬಡಿದು ತಾವೂ ಅಳಾಕತ್ತಾರ!" ನಾನು ಗಾಲಿ ಬಿಚ್ಚುವ ಪಾನಾ ಹಿಡಿದುಕೊಂಡೇ ಓಡಿದೆ. ಹೋದರೆ ಇಬ್ಬರೂ ಅಳುತ್ತ ನಗುತ್ತಿದ್ದಾರೆ.

ಕಿವಿಗೆ ಹಾಕುವ ಮಷಿನ್ನು ಸರಕಾರದ್ದು. ಎದೆಯ ಮೇಲೆ ಒಂದು ಡಬ್ಬಿ, ಅಲ್ಲಿಂದ ಕಿವಿಗೆ ವಾಯರು. ಹುಡುಗರು ಅದಕ್ಕೆ ರೇಡಿಯೋ ಅನ್ನುತ್ತಿದ್ದರು. ಮಷಿನ್ನು ಕೊಟ್ಟವರು ಸೆಲ್ಲು ಕೊಡುತ್ತಿರಲಿಲ್ಲ. "ಮಷಿನ್ ಸರಕಾರದ್ದು, ಸೆಲ್ ದೇವರದ್ದು," ಅನ್ನುತ್ತಿದ್ದರು ಅಕ್ಕೋರು. ನಮ್ಮ ಮನೆಯ ದೇವರು ಅಂದರೆ ನಾನು. ಸೆಲ್ಲು ಸತ್ತ ದಿನ ಗೌರಿ ಡಬ್ಬಿ ಬಿಚ್ಚಿ ನನ್ನ ಅಂಗಡಿಗೆ ಬರುತ್ತಿದ್ದಳು. ಸಿಗದಿದ್ದಾಗ ತುಟಿ ನೋಡಿಯೇ ನಡೆಸುತ್ತಿದ್ದಳು. ಅದರಲ್ಲಿ ಅವಳು ಪಕ್ಕಾ ಆಗಿಬಿಟ್ಟಳು. ಹೋಟೆಲಿನಲ್ಲಿ ಕೂತವರು ದೂರದಿಂದ ಯಾರನ್ನು ಬೈಯುತ್ತಿದ್ದಾರೆ ಎಂದು ನನಗೆ ಹೇಳುತ್ತಿದ್ದಳು.

ಮುಂದಿನ ವರ್ಷ ಬಾಗೇವಾಡಿಯಲ್ಲಿ ಶಿಬಿರ ಇಟ್ಟರು. ಯಾವ ಮಗು ಊರ ಶಾಲೆಯಲ್ಲಿ ಇರಬಹುದು, ಯಾವುದು ಹಾಸ್ಟೆಲಿಗೆ ಹೋಗಬೇಕು ಎಂದು ಅಲ್ಲೇ ನೋಡಿ ಬರೆಯುವುದು. ಹೆಡ್ ಮಾಸ್ತರು ತಾವೇ ಬಂದಿದ್ದರು. ನಾನು ಗೌರಿಯನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಹೊಸ ಸೆಲ್ಲು ಹಾಕಿದ್ದೆ.

ಒಳಗೆ ಕೂತಿದ್ದವನು ಮೈಸೂರು ಕಡೆಯ ಹುಡುಗ ಡಾಕ್ಟರ. ಒಳ್ಳೆಯವನೇ. ಹೊರಗೆ ಮಕ್ಕಳ ಸಾಲು ನೋಡಿ ನೋಡಿ ಸುಸ್ತಾಗಿದ್ದ. ಚಿತ್ರದ ಕಾರ್ಡು ಒಂದೊಂದೇ ಎತ್ತಿ ತೋರಿಸಿದ.

"ಇದೇನಮ್ಮ? ನೋಡಿ ಹೇಳು."

"ಉಳ್ಳಾಗಡ್ಡಿ," ಅಂದಳು ಗೌರಿ. ಮೂಗಿನ ದನಿ, ಆದರೆ ನಾಲಿಗೆ ಸರಿಯಾಗಿ ಮಡಚಿತ್ತು. ನನ್ನ ಎದೆ ಉಬ್ಬಿತು.

ಡಾಕ್ಟರ ತಲೆ ಅಲ್ಲಾಡಿಸಿ ಇನ್ನೊಂದು ಎತ್ತಿದ. "ಬಟಾಟಿ," ಅಂದಳು. ಮತ್ತೊಂದು. "ಶೇಂಗಾ."

ಅವನು ಕಾರ್ಡು ಕೆಳಗಿಟ್ಟು ಮೆಲ್ಲಗೆ ಹೇಳಿದ: "ಧ್ವನಿ ಬರ್ತಿದೆ, ಆದರೆ ಪದ ಆಗ್ತಿಲ್ಲ. ಈರುಳ್ಳಿ, ಆಲೂಗಡ್ಡೆ, ಕಡಲೆಕಾಯಿ, ಒಂದೂ ಹೇಳಲಿಲ್ಲ. ಹಾಸ್ಟೆಲ್‌ಗೆ ಬರೀತೀನಿ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

ಮಾತು ಬರದವನು ನಾನು ಅನ್ನಿಸಿತು. ಹೊರಗೆ ಓಡಿದೆ. ಅಕ್ಕೋರು ಸಿಂದಗಿ ಕಡೆಯ ಬಸ್ಸಿಗೆ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಹೋಗಿದ್ದರು. ಅವತ್ತು ಮಧ್ಯಾಹ್ನ ಮೋರಟಗಿಯ ಶಾಲೆಯಲ್ಲಿ ಒಬ್ಬ ತೊದಲುವ ಹುಡುಗನ ಪಾಳಿ.

"ಅಕ್ಕೋರ, ಉಳ್ಳಾಗಡ್ಡಿ ತಪ್ಪಂತ್ರಿ!"

"ಏನು?"

"ಉಳ್ಳಾಗಡ್ಡಿ ಅಂದ್ರ ಮಾತ ಅಲ್ಲಂತ! ಹಾಸ್ಟೆಲಿಗೆ ಬರ್ಯಾಕತ್ತಾನ!"

ಬಸ್ಸು ಹಾರ್ನು ಹೊಡೆಯುತ್ತಿತ್ತು. ಅಕ್ಕೋರು ಅದರ ಕಡೆ ಒಮ್ಮೆ ನೋಡಿದರು. "ಅಗ ಬಾಯೀ!" ಎಂದು ಮನೆಯ ಮರಾಠಿಯಲ್ಲೇ ಕೂಗಿ ಹಣೆ ಬಡಿದುಕೊಂಡು ತಿರುಗಿದರು. ಕೂಡಿಸಿದ್ದ ಉಂಗುಟ ಮತ್ತೆ ಕಿತ್ತು ಹೋಯಿತು. ಒಂದು ಚಪ್ಪಲಿ ಅಂಗಳದಲ್ಲೇ ಬಿಟ್ಟು ಒಳಗೆ ನುಗ್ಗಿದರು. ಮೇಜಿನ ಮೇಲಿನ ಕಾರ್ಡು ತೆಗೆದುಕೊಂಡು, ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದ ನಮ್ಮ ಹೆಡ್ ಮಾಸ್ತರರ ಮೂಗಿನ ಮುಂದೆ ಹಿಡಿದರು.

"ಸರ, ಇದೇನ್ರಿ?"

"ಯಾಕ್ರಿ? ಉಳ್ಳಾಗಡ್ಡಿ."

"ಇದು?"

"ಬಟಾಟಿ. ಏನಾತ್ರಿ ಬಾಯಾರ?"

ಅಕ್ಕೋರು ಡಾಕ್ಟರನ ಕಡೆ ತಿರುಗಿದರು. "ಇವರನ್ನೂ ಹಾಸ್ಟೆಲಿಗೆ ಬರೀರಿ. ಒಂದ ಕೋಣ್ಯಾಗ ಇರ್ತಾರ ಇಬ್ಬರೂ."

ಸಾಲಿನಲ್ಲಿ ನಿಂತ ತಾಯಂದಿರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಡಾಕ್ಟರ ಮೊದಲು ಕೆಂಪಾದ, ಆಮೇಲೆ ತಾನೂ ನಕ್ಕ. "ಸಾರಿ ಮೇಡಂ, ಕಾರ್ಡ್ ನಮ್ಮ ಕಡೆದು," ಅಂದ. ಅಕ್ಕೋರನ್ನು ಪಕ್ಕಕ್ಕೆ ಕೂಡಿಸಿಕೊಂಡು ಎಲ್ಲ ಕಾರ್ಡೂ ಮತ್ತೆ ತೋರಿಸಿದ. ಮೊದಲು ನೋಡಿ ಕಳಿಸಿದ್ದ ಮಕ್ಕಳಲ್ಲಿ ಕೆಲವರನ್ನೂ ವಾಪಸ್ ಕರೆಸಿದ. ಗೌರಿ ಊರ ಶಾಲೆಯಲ್ಲೇ ಇರಬಹುದು ಎಂದು ಬರೆದ. ಹೆಡ್ ಮಾಸ್ತರು ನನ್ನ ಹತ್ತಿರ ಬಂದು, "ನಾ ಹೇಳಿದ್ದಕ್ಕ ಆತು ನೋಡಲೇ," ಅಂದರು.

ಬಸ್ಸು ಹೋಗಿತ್ತು. ನಾನು ಖುಷಿಯಿಂದ ಚಪ್ಪಲಿ ಹುಡುಕಿ ತಂದರೆ ಅಕ್ಕೋರು ಗೇಟಿನ ಹತ್ತಿರ ಆ ಕಡೆ ಈ ಕಡೆ ತಿರುಗುತ್ತಿದ್ದರು. ಮುಖದಲ್ಲಿ ಖುಷಿ ಇಲ್ಲ.

"ಗೆದ್ದೀವಲ್ರಿ ಅಕ್ಕೋರ, ಮತ್ತೇನು?"

"ನಿನ್ನ ತಂಗಿ ಗೆದ್ದಳು. ಮೋರಟಗ್ಯಾಗ ಅಂವ ಬಾಗಲಾ ನೋಡ್ಕೋತ ಕುಂತಿರ್ತಾನ."

"ಬೈಕ್ ಐತಿ, ಬಿಡ್ತೀನಿ ನಡೀರಿ."

"ಅಷ್ಟು ದೂರ ಹೋಗೂದ್ರಾಗ ಸಾಲಿ ಬಿಟ್ಟಿರ್ತೈತೋ. ಮುಂದಿನ ಪಾಳಿ ಬರೂದು ಯಾವಾಗೋ." ಕಿತ್ತ ಚಪ್ಪಲಿ ನನ್ನ ಕೈಯಿಂದ ತೆಗೆದುಕೊಂಡು ಅಂದರು: "ಇಲ್ಲಿ ಒಂದ ಮಾತು ಹಚ್ಚಬೇಕಂದ್ರ ಅಲ್ಲೆ ಒಂದ ಮಾತು ಕೀಳಬೇಕು. ಇದೆಂಥಾ ನೌಕರಿ ಹೇಳು."

ಆಗ ನನಗೆ ಸಿಟ್ಟು ಬಂದಿತ್ತು. ನಮ್ಮ ಖುಷಿಯ ದಿನ ಯಾರದೋ ಹುಡುಗನನ್ನು ತಂದು ನಡುವೆ ನಿಲ್ಲಿಸಿದರಲ್ಲ ಎಂದು. ಆ ಹುಡುಗನನ್ನು ನಾನು ನೋಡಿದವನಲ್ಲ. ಆದರೆ ಈಗಲೂ ಸಿಂದಗಿ ಬಸ್ಸು ಕಂಡರೆ ಅವನು ನೆನಪಾಗುತ್ತಾನೆ.

ಆ ಬೇಸಿಗೆಗೆ ಅಕ್ಕೋರ ಕೆಲಸ ಮುಗಿಯಿತು. ಗುತ್ತಿಗೆಯ ಮೇಲೆ ಇದ್ದವರಂತೆ. ಇನ್ನು ಮುಂದೆ ಶಾಲೆಯ ಮಾಸ್ತರರಿಗೇ ತರಬೇತಿ ಕೊಡುತ್ತಾರೆ, ಬೇರೆ ಬಾಯಿ ಬೇಡ ಎಂದು ಇಲಾಖೆಯವರು ಹೇಳಿದರು. ನಮ್ಮ ಹೆಡ್ ಮಾಸ್ತರು ತರಬೇತಿಗೆ ಹೋಗಿ ಬಂದರು. ಅಲ್ಲಿ ಕೊಟ್ಟ ಒಂದು ಚೀಲ ತಂದರು. ಇಷ್ಟು ಮಾತ್ರ ಹೇಳಬೇಕು, ಆಮೇಲೆ ಅವರು ಗೌರಿಯನ್ನು ಮುಂದೆ ಕೂಡಿಸಿದರು, ಬೋರ್ಡಿನ ಕಡೆ ತಿರುಗಿ ಮಾತಾಡುವುದು ಬಿಟ್ಟರು.

ಅಕ್ಕೋರಿಗೆ ಸೋಲಾಪುರದ ಯಾವುದೋ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಹೇಳಿ ಹೋಗಲು ಒಮ್ಮೆ ಬಂದರು. ಅವ್ವ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಳು. ಅಂಗಡಿ ಮುಂದೆ ನಿಂತು ಚಹಾ ಕುಡಿಯುತ್ತಿದ್ದವರನ್ನು ಕೇಳಿದೆ: "ಅಲ್ಲೆ ಉಳ್ಳಾಗಡ್ಡಿಗೆ ಏನಂತಾರ್ರಿ?"

"ಕಾಂದಾ. ಸಣ್ಣ ಮಾತು. ನಾಲಿಗಿಗೆ ಕೆಲಸಾನ ಇಲ್ಲ," ಅಂದರು. ಮೂಲೆ ತಿರುಗಿ ಬಸ್ಸು ಬಂತು. ಅರ್ಧ ಕಪ್ ಚಹಾ ಟೈರಿನ ಮೇಲೆ ಉಳಿಯಿತು.

ಗೌರಿಯ ಸೆಲ್ಲು ಅವತ್ತು ಸತ್ತಿತ್ತು. ಎದೆಯ ಡಬ್ಬಿ ಸುಮ್ಮನೆ ನೇತಾಡುತ್ತಿತ್ತು. ಬಸ್ಸು ಹೊರಟಾಗ ಅಕ್ಕೋರು ಕಿಟಕಿಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಕೈ ಬೀಸಿದರು. ಮಾತಿಲ್ಲ, ಬರೀ ಕೈ.

ಗೌರಿ ಬಸ್ಸಿನ ಪಕ್ಕ ಓಡುತ್ತ ಕೂಗಿದಳು: "ಕೈ ಬ್ಯಾಡ್ರೀ ಅಕ್ಕೋರ! ಬಾಯಿ! ಬಾಯಿ!"

ಬಸ್ಸಿನ ಮಂದಿಯೆಲ್ಲ ಹೊರಗೆ ಇಣುಕಿದರು. ಅಕ್ಕೋರು ಸೆರಗು ತೆಗೆದರು. ಏನೋ ಅಂದರು. ಇಂಜಿನ್ ಸದ್ದಿನಲ್ಲಿ ಸರಿಯಾದ ಕಿವಿಯ ನನಗೆ ಒಂದಕ್ಷರವೂ ಕೇಳಲಿಲ್ಲ. ಬಸ್ಸು ಹೋಯಿತು.

ಗೌರಿ ಧೂಳಿನಲ್ಲಿ ನಗುತ್ತ ವಾಪಸ್ ಬಂದಳು. ಅವಳ ಕಣ್ಣೆದುರು ನಿಂತು, ತುಟಿ ಬಿಡಿಸಿ ಕೇಳಿದೆ: "ಏನಂದ್ರು?"

ಅವಳು ನಾಲಿಗೆ ಮೇಲಕ್ಕೆ ಮಡಚಿದಳು.

"ಉಳ್ಳಾಗಡ್ಡಿ."