ಕುರಿದೊಡ್ಡಿಯಲ್ಲಿ ಗುರುದೇವಿ ಟೀಚರ್

ನಮ್ಮ ಶಾಲೆಯಲ್ಲಿ ‘ದಡ್ಡ’ ಎಂಬ ಮಾತು ಗುರುದೇವಿ ಟೀಚರ್ ಕಿವಿಗೆ ಬಿದ್ದರೆ ಆಡಿದವನ ಕಥೆ ಮುಗಿಯಿತು. ಕನ್ನಡ ಮಾಸ್ತರನಾದ ನನಗೂ ಆ ಪ್ರಸಾದ ಸಿಕ್ಕಿದೆ. “ಭೀಮಾಶಂಕರ ಸರ್, ಹುಡುಗ್ರು ದಡ್ಡ ಇರಂಗಿಲ್ಲ. ನಮಗ ಕಲಸಾಕ ಬರಂಗಿಲ್ಲ” ಎಂದು ಮಕ್ಕಳೆದುರೇ ಅಂದುಬಿಟ್ಟಿದ್ದರು. ಕೊನೆಯ ಗಂಟೆ ಹೊಡೆದು ನಾವೆಲ್ಲ ಬಸ್ಸಿಗೆ ಓಡಿದರೆ ಈ ಪುಣ್ಯಾತ್ಗಿತ್ತಿ ಹಿಂದುಳಿದ ಮಕ್ಕಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಗಂಡ ಮತ್ತು ಸಣ್ಣ ಮಗಳು ಸುರಪುರದ ಮಗ್ಗುಲ ರಂಗಂಪೇಟೆಯಲ್ಲಿ. ಇವರು ಸಗರದಾಚೆಯ ಈ ಹಳ್ಳಿಯಲ್ಲಿ, ಬಾಡಿಗೆ ಕೋಣೆಯಲ್ಲಿ. ಶನಿವಾರ ಊರಿಗೆ ಹೊರಟಾಗ ಅವರ ನಡಿಗೆಯೇ ಬೇರೆ ಇರುತ್ತಿತ್ತು.

ಮಗುವಿನ ಮನೆಯ ಕಸುಬಿನಿಂದಲೇ ಗಣಿತ ಕಲಿಸುವುದು ಅವರ ಪದ್ಧತಿ. ಕಿರಾಣಿ ಅಂಗಡಿಯವನ ಮಗನಿಗೆ ತಕ್ಕಡಿ, ಹಾಲು ಮಾರುವವರ ಮಗಳಿಗೆ ಲೀಟರು. ಎಲ್ಲರ ತಲೆಗೂ ಹತ್ತಿದ ಲೆಕ್ಕ ಜ್ಯೋತಿಗೆ ಮಾತ್ರ ಹತ್ತಲಿಲ್ಲ. ಕುರಿ ಸಾಕುವ ಅಮೋಘಸಿದ್ದನ ಮಗಳು ಅವಳು, ಆರನೇ ತರಗತಿ. ಪದ್ಯವೆಲ್ಲ ಬಾಯಿಪಾಠ, ಎಣಿಸು ಎಂದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. “ಈ ವರ್ಷ ಲೆಕ್ಕ ಬರಲಿಲ್ಲಂದ್ರ ಸಾಲಿ ಬಿಡಿಸಿ ಕುರಿ ಹಿಂದ ಹಚ್ತೀನ್ರಿ” ಎಂದು ಅಪ್ಪ ಖಡಕ್ಕಾಗಿ ಹೇಳಿ ಹೋಗಿದ್ದ.

“ನಿಮ್ಮ ಕುರಿ ಎಷ್ಟವ ಜ್ಯೋತಿ?” ಟೀಚರ್ ಕೇಳಿದರು.

“ಎಣಸಂಗಿಲ್ರಿ. ಎಣಸಿದ್ರ ಸಾಯ್ತಾವ.”

“ಮತ್ತ ಒಂದು ಕಳದ್ರ ಹೆಂಗ ಗೊತ್ತಾಗ್ತದ?”

“ಒಂದೊಂದರ ಮಾರಿ ಗುರುತದ್ರಿ. ನೋಡಿದ್ರ ಗೊತ್ತಾಗ್ತದ.”

ಹುಡುಗಿಯ ಬಾಯಿ ಕಟ್ಟಿದ ಗಂಟು ಸಿಕ್ಕಿತು ಎಂದು ಟೀಚರ್ ಹಿಗ್ಗಿದರು. ಅಂದು ಸಂಜೆ ನನ್ನನ್ನೂ ಎಳೆದುಕೊಂಡು ಅಮೋಘಸಿದ್ದನ ಕುರಿದೊಡ್ಡಿಗೆ ಹೋದರು. ಮನೆಯವರು ಯಾರೂ ಹತ್ತಿರ ಇರಲಿಲ್ಲ. ಜ್ಯೋತಿಯ ಬೆರಳು ಹಿಡಿದು ಒಂದೊಂದೇ ಕುರಿಯ ಕಡೆ ತೋರಿಸಿದರು. ಹುಡುಗಿ ಪಿಸುದನಿಯಲ್ಲಿ ಶುರು ಮಾಡಿದವಳು, ಆಮೇಲೆ ಗಟ್ಟಿಯಾಗಿ, ಎಲ್ಲೂ ತಡವರಿಸದೆ ಎಣಿಸುತ್ತ ಹೋದಳು. ನನಗೆ ಖುಷಿಯಾಗಬೇಕಿತ್ತು. ಆದರೆ ಅಷ್ಟೂ ಕುರಿಗಳು ಮೆಲುಕು ನಿಲ್ಲಿಸಿ ಅವಳ ಬಾಯಿಯನ್ನೇ ನೋಡುತ್ತಿದ್ದವು. ಒಂದು ಮರಿಯೂ ಒದರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಕುರಿ ಸತ್ತಿತ್ತು. ಅದರ ಮರುದಿನ ಇನ್ನೊಂದು. ತೋಳ ಮುಟ್ಟಿದ ಗುರುತಿಲ್ಲ. ಶಹಾಪುರದಿಂದ ದನದ ಡಾಕ್ಟರು ಬಂದು ಸೂಜಿ ಮಾಡಿಹೋದರೂ ಸಾವು ನಿಲ್ಲಲಿಲ್ಲ. ಕುರಿ ಎಣಿಸಿದ್ದು ಜ್ಯೋತಿಯ ಬಾಯಿಂದಲೇ ಹೊರಬಿದ್ದು, ಅಮೋಘಸಿದ್ದ ಅವಳನ್ನು ಶಾಲೆ ಬಿಡಿಸಿದ.

ನಾವಿಬ್ಬರೂ ಅವನ ಮನೆಗೆ ಓಡಿದೆವು. “ಕಾಗಿ ಕುಂತದ್ದಕ್ಕೂ ಟೊಂಗಿ ಮುರದದ್ದಕ್ಕೂ ಗಂಟು ಹಾಕಬ್ಯಾಡ್ರಪಾ” ಎಂದೆ ನಾನು. ಅವನ ತಾಯಿ, ಮುದುಕಿ ರೇಣಮ್ಮ, ನನ್ನ ಕಡೆ ತಿರುಗಿಯೂ ನೋಡದೆ ಟೀಚರಿಗೆ ಹೇಳಿದಳು.

“ಎಣಿಕಿ ಸಾವಿನ ಕಿವಿಗಿ ಬಿದ್ದಾದ, ಟೀಚರ್. ಇನ್ನ ದಿನಾ ಸಂಜಿಗಿ ಅದಕ್ಕ ಸುಳ್ಳ ಲೆಕ್ಕ ಕೇಳಸಬೇಕು. ಎಣಿಸಿದ ಬಾಯೇ ಎಣಸಬೇಕು. ಕುರಿ ನಡುವ ಕುರಿ ಅಲ್ಲದ್ದೊಂದು ಜೀವ ನಿಂತು ಒಂದು ಹೆಚ್ಚಿಗಿ ಬರಬೇಕು. ನಮ್ಮವರು ನಿಂತ್ರ ನಡ್ಯಂಗಿಲ್ಲ. ಕಲಸಿದವರು ಇಲ್ಲಾ ಅವರ ಮನಿಯವರು ನಿಲ್ಲಬೇಕು.”

“ನಾ ನಿಲ್ತೀನಿ. ಹುಡುಗಿನ ನಾಳಿಗೇ ಸಾಲಿಗಿ ಕಳಸ್ರಿ” ಎಂದರು ಟೀಚರ್. ದಾರಿಯಲ್ಲಿ ನಾನು ಬೈದಾಗ, “ನನಗೇನ್ ನಂಬಿಕಿ ಇಲ್ರಿ ಸರ್. ಅವರಿಗಿ ಅದ. ಹುಡುಗಿ ಸಾಲಿಗಿ ಬಂದ್ರ ಸಾಕು” ಎಂದರು.

ಸಾವು ನಿಂತಿತು. ಜ್ಯೋತಿ ಬೇವಿನ ಗಿಡದ ಕೆಳಗೆ ಮತ್ತೆ ಬಂದು ಕೂತಳು. ಕೂಡಿಸುವುದು, ಕಳೆಯುವುದು, ಭಾಗಾಕಾರವೂ ಬಂತು. ಟೀಚರ್ ಶನಿವಾರವೂ ಊರಿಗೆ ಹೋಗದೆ ದಿನಾ ಸಂಜೆ ದೊಡ್ಡಿಗೆ ಹೋಗಿ ಕುರಿಗಳ ನಡುವೆ ನಿಂತು, ಜ್ಯೋತಿಯಿಂದ ಎಣಿಸಿಕೊಂಡು ಬರುತ್ತಿದ್ದರು. ಒಂದು ಶನಿವಾರ ಮಗಳಿಗೆ ಜ್ವರವೆಂದು ರಂಗಂಪೇಟೆಗೆ ಹೋದರು. ಭಾನುವಾರ ಬೆಳಿಗ್ಗೆ ಎರಡು ಕುರಿ ಬಿದ್ದಿದ್ದವು. ಅಲ್ಲಿಂದಾಚೆ ಅವರು ಊರಿಗೆ ಹೋಗಲಿಲ್ಲ. ಗಂಡನೇ ಮಗಳನ್ನು ಕರೆದುಕೊಂಡು ಬಂದು ತೋರಿಸಿ ಹೋಗುತ್ತಿದ್ದ. ಟೀಚರ್ ಬಡಕಲಾದರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಎದ್ದು ಬೆದರಿದ ಕುರಿಯ ಹಾಗೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ನನಗೆ ಹೆದರಿಕೆಯಾಗುತ್ತಿತ್ತು.

ಕೊನೆಗೂ ರಂಗಂಪೇಟೆಗೆ ವರ್ಗಾವಣೆ ಬಂತು. ಜ್ಯೋತಿ ಗಣಿತದಲ್ಲಿ ತರಗತಿಗೇ ಮೊದಲು ಬಂದಿದ್ದಳು. ಹುಡುಗಿ ದಡ ಮುಟ್ಟಿದಳಲ್ಲ, ಇನ್ನು ಬಿಡ್ರಿ ಎಂದು ನಾವೆಲ್ಲ ಒತ್ತಾಯಿಸಿ ಬೀಳ್ಕೊಡುಗೆ ಇಟ್ಟೆವು. ಗಂಡ, ಮಗಳೂ ಬಂದಿದ್ದರು. ಶಾಲು ಹೊದಿಸಿ ನಾನು ಭಾಷಣ ಕುಟ್ಟುತ್ತಿದ್ದೆ. ಹೊತ್ತು ಇಳಿದಿತ್ತು. ಮನೆಗೆ ಹೊರಟ ಅಮೋಘಸಿದ್ದನ ಕುರಿ ಹಿಂಡು ಶಾಲೆಯ ಗೇಟಿಗೆ ಬಂದು ನಿಂತುಬಿಟ್ಟಿತು. ಒಂದು ಸದ್ದಿಲ್ಲ. ಎಲ್ಲವೂ ಟೀಚರನ್ನೇ ನೋಡುತ್ತಿದ್ದವು.

ಹಿಂಡಿನ ಹಿಂದಿನಿಂದ ಜ್ಯೋತಿ ಕುರಿ ಕರೆಯುವ ಹಾಗೆ ನಾಲಿಗೆ ಲೊಟಗುಟ್ಟಿಸಿದಳು. ನನ್ನ ಮಾತಿನ ನಡುವೆಯೇ ಟೀಚರ್ ಎದ್ದು ನಡೆದರು. ಅವರಿಗಿಂತ ಮುಂಚೆ ಅವರ ಮಗಳು ಅಪ್ಪನ ಕೈ ಬಿಡಿಸಿಕೊಂಡು ಓಡಿ, ನಗುತ್ತ ಕುರಿಗಳ ನಡುವೆ ಹೊಕ್ಕಳು.

ಜ್ಯೋತಿ ಬೆರಳೆತ್ತಿ ಎಣಿಸಿದಳು. ಬೆರಳು ಮಗುವಿನ ತಲೆಯ ಮೇಲೂ ಹಾದುಹೋಯಿತು. ಜ್ಯೋತಿಯ ಮುಖ ಅರಳಿತು.

“ಟೀಚರ್, ಒಂದು ಹೆಚ್ಚಿಗಿ ಬಂತ್ರಿ! ನಿಮ್ಮ ಮಗಳೂ ನಡೀತಾಳ. ಇಕಿನ ಬಿಟ್ಟು ನೀವು ಊರಿಗಿ ಹೋಗ್ರಿ.”

ಟೀಚರ್ ಮಗಳನ್ನು ಬಾಚಿ ಎತ್ತಿ ಗಂಡನ ಕೈಗೆ ಕೊಟ್ಟರು. ಮಗು “ಅವ್ವಾ” ಎಂದು ಚೀರಿದರೂ ಹಿಂತಿರುಗಿ ನೋಡದೆ, ಮಗಳು ನಿಂತಿದ್ದ ಜಾಗದಲ್ಲಿ ಹೋಗಿ ನಿಂತರು. ಕುರಿಗಳು ಸರಿದು ಜಾಗ ಕೊಟ್ಟವು.

“ತಪ್ಪು ಎಣಿಸಿದಿ ಜ್ಯೋತಿ. ಇನ್ನೊಮ್ಮಿ ಎಣಸು” ಎಂದರು.

ಜ್ಯೋತಿ ಒಂದರಿಂದ ಶುರು ಮಾಡಿದಳು.